ಆರಕ್ಕೇರಿ ಒಂದಕ್ಕಿಳಿದದ್ದು

ಆರಕ್ಕೇರದ, ಮೂರಕ್ಕಿಳಿಯದ ಬದುಕು ನಮ್ಮೆಲ್ಲರದು. 12345654321 ಮಾತ್ರ ಆರಕ್ಕೂ ಏರುತ್ತದೆ, ಮೂರನ್ನೂ ದಾಟಿ ಒಂದಕ್ಕಿಳಿಯುತ್ತದೆ.

*

ಪಟ್ಟದಕಲ್ಲಿಗೆ ಹೋದವರು ವಿರೂಪಾಕ್ಷನನ್ನು ನೋಡಿ ಮರಳುತ್ತಾರೆ. ಊರಾಚೆಯ ಜೈನ ಬಸದಿಯವರೆಗೆ ನಡೆಯುವವರು ಕಡಿಮೆ. ಅದು ರಾಷ್ಟ್ರಕೂಟರದು, 9ನೆಯ ಶತಮಾನದ್ದು. ಅದೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಗುಣಾಕಾರದ ಲೆಕ್ಕಗಳಲ್ಲಿ ಈ ಸಂಖ್ಯೆ ಇದೆ. ಗುಡಿ ನೋಡಲು ಟಿಕೇಟು ಬೇಕು. ಇದಕ್ಕೆ ಪಾಟಿ, ಬಳಪ ಸಾಕು.

*

ಇಂಥ ಕೆಲವು ಗುಣಲಬ್ಧಗಳನ್ನು ಅವನು ಕೊರಳಹಾರ ಎಂದ. ಬಾಯಲ್ಲಿ ಹೇಳಹೋದರೆ ಹಾರ ಹರಿಯುತ್ತದೆ: ಸಾವಿರದ ಇನ್ನೂರ ಮೂವತ್ನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಯಾವುದೋ ಕಾಮಗಾರಿಯ ಅಂದಾಜು ಪಟ್ಟಿ ಓದಿದಂತಾಯಿತು.

*

111111ನ್ನು ಅದರಿಂದಲೇ ಗುಣಿಸಿದರೆ ಈ ಸಂಖ್ಯೆ. ಒಡೆದರೆ ಒಳಗೆ ಐದೇ ಅವಿಭಾಜ್ಯಗಳು: 3, 7, 11, 13, 37, ಒಂದೊಂದೂ ಎರಡೆರಡು ಸಲ. ದಾರಿ ಸುಲಭ. 111111 ಎಂದರೆ 111 × 1001. 111ರಲ್ಲಿ 3 ಮತ್ತು 37. 1001ರಲ್ಲಿ 7, 11, 13. 12345654321ನ್ನು ಶೇಷವಿಲ್ಲದೆ ಭಾಗಿಸಬಲ್ಲವು ಒಟ್ಟು 243 ಸಂಖ್ಯೆಗಳು. ಸಾವಿರ ಕೋಟಿಯ ಯಜಮಾನನ ಮೂಲ ಬಂಡವಾಳದಲ್ಲಿ 37ಕ್ಕಿಂತ ದೊಡ್ಡದು ಒಂದೂ ಇಲ್ಲ.

*

ಅಂಕಿಗಳ ಮೊತ್ತ 36, ಆರರ ವರ್ಗ. ಒಂದು ಬಿಟ್ಟು ಒಂದನ್ನು ಕೂಡಿಸಿದರೆ ಎರಡೂ ಕಡೆ 18. ಹಾಗಾಗಿಯೇ 11ಕ್ಕೆ ಸಿಕ್ಕಿತು.

*

ಒಂದುಗಳನ್ನು ಹೆಚ್ಚಿಸುತ್ತ ವರ್ಗ ಮಾಡಿದರೆ ಹಾರ ಒಂಬತ್ತರವರೆಗೆ ಬೆಳೆಯುತ್ತದೆ: 12345678987654321. ಹತ್ತು ಒಂದುಗಳ ವರ್ಗ ಮಾಡಿ, 1234567900987654321. ಏರುವ ದಾರಿಯ 8 ಮಾಯ! ನಡುವಿನ ಮನೆಯಲ್ಲಿ ಹತ್ತು ಬಂತು. ಸೊನ್ನೆ ಬರೆದು ಕೈಯಲ್ಲಿ ಒಂದು ಹಿಡಿದೆವು. ಆ ಒಂದು ಪಕ್ಕದ ಒಂಬತ್ತನ್ನು ಹತ್ತು ಮಾಡಿತು. ಅಲ್ಲಿಯೂ ಸೊನ್ನೆ, ಕೈಯಲ್ಲಿ ಮತ್ತೆ ಒಂದು. ಅದು ಎಂಟನ್ನು ಒಂಬತ್ತು ಮಾಡಿತು.

*

ಏರಿಳಿತದ ಅಂದ ಹತ್ತರ ಲೆಕ್ಕದ ಬರವಣಿಗೆಯದು. ಕಂಪ್ಯೂಟರಿನೊಳಗೆ ಸೊನ್ನೆ, ಒಂದುಗಳಲ್ಲಿ ಬರೆದರೆ ಹಾರ ಕಾಣದು. ಆದರೆ ಏಳರಿಂದ ಭಾಗವಾಗುವ ಗುಣ ಅಲ್ಲಿಯೂ ಬಿಟ್ಟುಹೋಗದು.

*

ಏಕದಿಂದ ಮಹಾಕ್ಷೋಭದವರೆಗೆ ಮಹಾವೀರ 24 ಸ್ಥಾನಗಳನ್ನು ಹೆಸರಿಸಿದ್ದಾನೆ. ಈ ಸಂಖ್ಯೆಗೆ 11 ಸಾಕು. ಉಳಿದ ಹೆಸರುಗಳಿಗೆ ಆಗ ಸಂತೆಯಲ್ಲಿ ಗಿರಾಕಿ ಇದ್ದಿರಲಾರದು. ಎಣಿಸುವ ಚಪಲಕ್ಕೆ ಸರಕು ಬೇಕೆಂದೇನೂ ಇಲ್ಲ.

*

ಗುಣಿಸುವುದು ಸಲೀಸು, ಒಡೆಯುವುದು ಹೆಣಗಾಟ. ನೂರಾರು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸಿ ಗುಟ್ಟಿನ ಸಂದೇಶಗಳಿಗೆ ಬೀಗ ಮಾಡುವ ಉಪಾಯವನ್ನು ರಿವೆಸ್ಟ್, ಶಮೀರ್, ಏಡಲ್‌ಮನ್ 1977ರಲ್ಲಿ ಕೊಟ್ಟರು.

*

ಮಹಾವೀರ 111111 ಎಂದು ಕೇಳಲೇ ಇಲ್ಲ. 27994681ನ್ನು 441ರಿಂದ ಗುಣಿಸು ಎಂದ. ಉತ್ತರವನ್ನು ಮೊದಲೇ ಊಹಿಸದಿರಲಿ ಎಂದಿರಬೇಕು. ಮಾಸ್ತರರ ಜಾಣತನ ಲೆಕ್ಕ ಕೊಡುವಾಗಲೇ ಗೊತ್ತಾಗುತ್ತದೆ. ಆ 27994681ನ್ನು ಒಡೆಯಲು ಮಕ್ಕಳಿಗೆ ಕೊಡಿ. 2, 3, 5, 7 ಯಾವುದಕ್ಕೂ ಬಗ್ಗದು. 11ರ ಸರದಿ ಬರುವಷ್ಟರಲ್ಲಿ ಅರ್ಧ ಕ್ಲಾಸು ಪಾಟಿ ಒರೆಸಿರುತ್ತದೆ.