ಸತ್ತ ಕುದುರೆಯ ಬಾಲ

ಎಮ್ಮೆದೊಡ್ಡಿಯೆಂಬ ಹೆಸರಿನೊಳಗೇ ದನದ ದೊಡ್ಡಿಯಿದೆ. ಅಮೃತಮಹಲ್ ಕಾವಲುಗಳ ನೆರೆಯ ಕಡೂರು, ಅಜ್ಜಂಪುರ ಸೀಮೆಯ ಗೃಹಸ್ಥರಿಗೆ ರಾಸಿನ ಬಾಯಿ ತೆರೆದು ಹಲ್ಲು ನೋಡುವುದನ್ನಾಗಲಿ, ಜಾತ್ರೆಯಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನಾಗಲಿ ಬಿಡಿಸಿ ಹೇಳಬೇಕಾಗಿಲ್ಲ. ಇಂಥವರು ಹಂಪೆಗೆ ಹೋದಾಗ ವಿಠ್ಠಲ ದೇವಾಲಯದ ಕಲ್ಲಿನ ರಥವೊಂದನ್ನೇ ನೋಡಿ ಹಿಂದಿರುಗಬಾರದು. ಮಹಾಮಂಟಪದ ಜಗತಿಯನ್ನೂ ಬಗ್ಗಿ ನೋಡಬೇಕು.

ಅಲ್ಲಿ ಸಾಲುಸಾಲಾಗಿ ಕುದುರೆಗಳು. ಅವುಗಳನ್ನು ಹಿಡಿದು ನಿಂತ ಪರದೇಶದ ಉಡುಪಿನ ಜನರು. ಕಡಲಾಚೆಯಿಂದ ಕುದುರೆ ತಂದ ವರ್ತಕರು, ಪಳಗಿಸುವವರು ಇವರೆಂದು ಬಲ್ಲವರು ಹೇಳುತ್ತಾರೆ. ದೇವರ ಮಂಟಪವನ್ನು ಹೊತ್ತ ಕಲ್ಲಿನಲ್ಲಿ ಸಂತೆಯ ಬಾಳಿಗೂ ಎಡೆಗೊಟ್ಟ ಶಿಲ್ಪಿಯ ಮನಸ್ಸು ದೊಡ್ಡದು.

ಆದರೆ ಅಲ್ಲಿರುವುವೆಲ್ಲ ಬದುಕಿದ ಕುದುರೆಗಳೇ. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವರ್ತಕ ನೂನಿಜನು, ಹಿಂದಿನ ಶತಮಾನದ ಸಾಳುವ ನರಸಿಂಹನ ವಿಷಯವಾಗಿ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಹೋರ್ಮುಜ್, ಏಡನ್‌ಗಳಿಂದ ಬರುವ ಕುದುರೆ ದಾರಿಯಲ್ಲಿ ಸಮುದ್ರದ ಮೇಲೆ ಸತ್ತರೆ, ಅದರ ಬಾಲವನ್ನು ತಂದು ತೋರಿಸಿದವನಿಗೂ ಆ ಅರಸನು ಜೀವಂತ ಕುದುರೆಗೆ ಕೊಡುವಷ್ಟೇ ಹಣ ಕೊಡಿಸುತ್ತಿದ್ದನಂತೆ!

ಇದು ಔದಾರ್ಯವೆ? ಅಶ್ವಬಲಕ್ಕಾಗಿ ಹಾತೊರೆಯುತ್ತಿದ್ದ ದೊರೆಗೆ ವರ್ತಕರು ಬೇರೆಡೆಗೆ ತಿರುಗದಿದ್ದರೆ ಸಾಕಾಗಿತ್ತು. ಕೊಟ್ಟ ಹಣವೂ ಉಳುವವನ ತೆರಿಗೆಯದೇ. ಅದಿರಲಿ, ವರ್ತಕನ ಪಾಡನ್ನು ನೋಡೋಣ. ನಡುಗಡಲಿನಲ್ಲಿ ಮೇವು ನೀರಿಗಾಗಿ ಕುದುರೆ ಕಣ್ಣು ಬಿಡುತ್ತಿದೆ. ಬದುಕಿಸಿದರೂ ಅಷ್ಟೇ ಹಣ, ಸಾಯಗೊಟ್ಟರೂ ಅಷ್ಟೇ ಹಣ. ಕೇಳುವವರಾರೂ ಇಲ್ಲ. ಆಗ ಕೈಯಲ್ಲಿರುವ ನೀರನ್ನು ಯಾರಿಗೆ ಕೊಡುವುದು?

ಕಲ್ಯಾಣದಲ್ಲಿಯೂ ಇಂತಹುದೊಂದು ಒರೆ ನಡೆಯಿತೆಂದು ಶರಣರ ಕಥೆ ಹೇಳುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಬಸವಣ್ಣನವರು ಬೇಕೆಂದೇ ಹೆಚ್ಚು ಚೆಲ್ಲಿಸಿದರು. ಮಾರಯ್ಯನು ಹೆಚ್ಚೇ ತಂದನು. ಅದು ಕಳವಲ್ಲ, ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಆದರೂ ಲಕ್ಕಮ್ಮನು ನಿತ್ಯದ ಅಳತೆಯನ್ನು ಮೀರಿದ್ದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಆ ಮನೆಯಲ್ಲಿ ಮರುದಿನಕ್ಕೆ ಅಕ್ಕಿಯಿರಲಿಲ್ಲವೆಂಬುದನ್ನು ನಾವು ಬೇಗ ಮರೆಯುತ್ತೇವೆ.

ವಲ್ಲಿಯ ಮರೆಯ ವ್ಯಾಪಾರವನ್ನು ಕೆಲವರು ಮೋಸವೆಂದು ಬಗೆಯುವರು. ನಾನು ಹಾಗೆ ಹೇಳಲಾರೆ. ಬೆಲೆ ಇಬ್ಬರ ಬೆರಳುಗಳಿಗೂ ತಿಳಿದಿರುತ್ತದೆ. ರಾಸು ರಾತ್ರಿ ಕೆಮ್ಮುವುದು ಮಾತ್ರ ಮಾರುವವನೊಬ್ಬನಿಗೇ ಗೊತ್ತು. ವಿಠ್ಠಲನ ಜಗತಿಯಲ್ಲಿ ಕುದುರೆ ಹಿಡಿದು ನಿಂತವರಲ್ಲಿ ನೀರು ಕೊಟ್ಟವನಾರು, ಬಾಲ ತಂದವನಾರು ಎಂಬುದಕ್ಕೆ ಶಿಲ್ಪಿಯು ಗುರುತಿಟ್ಟಿಲ್ಲ.