ಕಂಪೈಲ್ ಆಗ್ಯಾದ್ರಿ ಸರ್

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದ ರಾಯಚೂರಿನ ಇಂಜಿನಿಯರಿಂಗ್ ಕಾಲೇಜಿಗೆ ಬರುವ ಮಕ್ಕಳು ಸಿ ಭಾಷೆ ಕಲಿಯುವಾಗ ಲ್ಯಾಬಿನಲ್ಲಿ ಹತ್ತಿರ ಹೋಗಿ ನಿಂತರೆ ಸಾಕು, “ಕಂಪೈಲ್ ಆಗ್ಯಾದ್ರಿ ಸರ್, ಒಂದೂ ಎರರ್ ಇಲ್ಲ” ಎನ್ನುತ್ತಾರೆ. ಮುಖದಲ್ಲಿ ನಿರಾಳ. ಆ ನಿರಾಳದ ಬಗ್ಗೆಯೇ ನನಗೆ ಚಿಂತೆ.

ಮೆಮ್‌ಸೆಟ್ ಎಂಬ ಲೈಬ್ರರಿ ಫಂಕ್ಷನ್ ಇದೆ. ಎಲ್ಲಿ, ಏನನ್ನು, ಎಷ್ಟು ಬೈಟು ತುಂಬಬೇಕು ಎಂದು ಮೂರು ಪ್ಯಾರಾಮೀಟರ್ ಕೇಳುತ್ತದೆ. ಪಾಸ್‌ವರ್ಡ್ ಇಟ್ಟಿದ್ದ 64 ಬೈಟಿನ ಜಾಗ ಅಳಿಸಬೇಕಾದರೆ ಮೊದಲು ಆ ಜಾಗದ ವಿಳಾಸ, ಆಮೇಲೆ 0, ಕೊನೆಗೆ 64 ಕೊಡಬೇಕು. ಅವಸರದಲ್ಲಿ 64 ಮುಂದೆ, 0 ಹಿಂದೆ ಆಯಿತೆನ್ನಿ. ಸೊನ್ನೆ ಬೈಟಿನಷ್ಟು ಜಾಗದಲ್ಲಿ 64 ತುಂಬು ಎಂದು ಹೇಳಿದಂತಾಯಿತು. ಮೆಮ್‌ಸೆಟ್ ಹೇಳಿದಷ್ಟೇ ಮಾಡುತ್ತದೆ, ಅಂದರೆ ಏನೂ ಮಾಡುವುದಿಲ್ಲ. ಎಂದಿನಂತೆ ವಿಳಾಸ ಮರಳಿಸುತ್ತದೆ. ಅಳಿಸಿದೆವು ಎಂದು ನಾವು ಮುಂದೆ ಹೋಗುತ್ತೇವೆ, ಪಾಸ್‌ವರ್ಡ್ ಅಲ್ಲೇ ಉಳಿದಿರುತ್ತದೆ. ಈಗಿನ ಜಿಸಿಸಿ ಕಂಪೈಲರ್ ಎಚ್ಚರಿಕೆಗಳನ್ನು ಆನ್ ಮಾಡಿಟ್ಟರೆ ಇಂಥ ಅದಲುಬದಲನ್ನು ಎತ್ತಿ ತೋರಿಸುತ್ತದೆ, ನಿಜ. ಆದರೆ ಆ ಸೊನ್ನೆ ಒಂದು ವೇರಿಯಬಲ್ ಒಳಗೆ ಕೂತು ಬಂದರೆ ಅದಕ್ಕೂ ಗೊತ್ತಾಗದು.

ತಾಲ್ಲೂಕು ಕಚೇರಿಯಲ್ಲಿ ಪಹಣಿ ತೆಗೆಸುವಾಗ ಸರ್ವೆ ನಂಬರು ತಪ್ಪು ಹೇಳಿದರೆ ಬೇರೆಯವರ ಹೊಲದ ಪಹಣಿ ಕೈಗೆ ಬರುತ್ತದೆ. ಕಾಗದ ಅಸಲಿ, ಹೊಲ ಮಾತ್ರ ನಮ್ಮದಲ್ಲ. ಕಂಪೈಲರ್ ಒಪ್ಪಿಗೆಯೂ ಅಷ್ಟೇ. ಅದು ನೋಡುವುದು ಸಂಖ್ಯೆ ಬೇಕಾದ ಕಡೆ ಸಂಖ್ಯೆ ಇದೆಯೇ ಎಂದು. ಆ ಸಂಖ್ಯೆ ನಿಜವೇ ಎಂದು ನೋಡುವ ಕೆಲಸ ಫಂಕ್ಷನ್ ಅನ್ನು ಕರೆದವನದು.

1978ರಲ್ಲಿ ಕರ್ನಿಗನ್ ಮತ್ತು ರಿಚಿ ಅವರ ಪುಸ್ತಕ ಬಂದಾಗಿನ ಸಿ ಭಾಷೆಯಲ್ಲಿ ಈ ಬಗೆಯ ಪರೀಕ್ಷೆಯೂ ಇರಲಿಲ್ಲ. ವರ್ಗಮೂಲ ಕೇಳುವಾಗ ದಶಾಂಶದ ಬದಲು ಪೂರ್ಣಾಂಕ ಕೊಟ್ಟರೆ ಸುಮ್ಮನೆ ತಪ್ಪು ಉತ್ತರ ಬರುತ್ತಿತ್ತು. 1989ರ ಆನ್ಸಿ ಮಾನಕ ಪ್ರೊಟೊಟೈಪ್ ತಂದ ಮೇಲೆ ಎಷ್ಟು ಕೊಟ್ಟಿರಿ, ಯಾವ ಬಗೆಯದು ಎಂಬ ತಪಾಸಣೆ ಬಂತು. ದೊಡ್ಡ ಉಪಕಾರ. ಅರ್ಥದ ಹೊಣೆ ಮಾತ್ರ ಇದ್ದಲ್ಲೇ ಉಳಿಯಿತು.

ಎಲ್ಲ ತಪ್ಪನ್ನೂ ಕರೆದವನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಗೆಟ್ಸ್ ಎಂಬ ಫಂಕ್ಷನ್ ಒಂದು ಸಾಲನ್ನು ಓದಿ ತುಂಬುತ್ತಿತ್ತು, ಜಾಗ ಎಷ್ಟಿದೆ ಎಂದು ಕೇಳುತ್ತಲೇ ಇರಲಿಲ್ಲ. ಎಷ್ಟೇ ಜವಾಬ್ದಾರಿಯ ಮನುಷ್ಯನಾದರೂ ಅದನ್ನು ಹೇಳಲು ಅಲ್ಲಿ ದಾರಿಯೇ ಇಲ್ಲ. 1988ರ ನವೆಂಬರಿನಲ್ಲಿ ಮಾರಿಸ್ ವರ್ಮ್ ಎಂಬ ತಾನೇ ಹರಡುವ ಪ್ರೋಗ್ರಾಂ ಕಂಪ್ಯೂಟರುಗಳ ಫಿಂಗರ್ ಸೇವೆಯೊಳಗೆ ನುಗ್ಗಿದ್ದು ಇದೇ ಸಂದಿಯಿಂದ, 512 ಬೈಟಿನ ಜಾಗಕ್ಕೆ ಅದಕ್ಕಿಂತ ಹೆಚ್ಚು ಸುರಿದು. ಗೆಟ್ಸ್ ಅನ್ನು ಸಿ ಭಾಷೆಯಿಂದ ತೆಗೆದುಹಾಕಿದ್ದು 2011ರ ಮಾನಕದಲ್ಲಿ. ಕೇಳಬೇಕಾದ್ದನ್ನು ಕೇಳದೆ ಕೆಲಸ ಒಪ್ಪಿಕೊಳ್ಳುವವರಿಗೂ ಪಾಪದಲ್ಲಿ ಪಾಲಿದೆ ಎಂದು ನಾನು ನಂಬುತ್ತೇನೆ.

ಆದರೂ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಕರೆಯುವವನ ಬಳಿಯೇ. ಸಿ ಲೈಬ್ರರಿಯ ಎಷ್ಟೋ ಫಂಕ್ಷನ್‌ಗಳು ಕೊಟ್ಟಿದ್ದನ್ನು ಪ್ರಶ್ನೆ ಮಾಡದೆ ನಂಬಿ ದುಡಿಯುತ್ತವೆ. ಎದುರು ಕೇಳಲಾರದವರ ಕೈಗೆ ಏನನ್ನಾದರೂ ಕೊಡುವಾಗ ಕೊಡುವವನ ಎಚ್ಚರ ಇಮ್ಮಡಿಯಾಗಬೇಕು. ಸಾಲ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನಿಗೂ ಇದೇ ಮಾತು ಸಲ್ಲುತ್ತದೆ.

ಅದಕ್ಕೇ ಮಕ್ಕಳಿಗೆ ಮ್ಯಾನುಯಲ್ ಪುಟ ತೆರೆಸಿ ಪ್ರತಿ ಪ್ಯಾರಾಮೀಟರನ್ನೂ ಬಾಯಿಬಿಟ್ಟು ಹೇಳಿಸುತ್ತೇನೆ: ಇಲ್ಲಿ, ಇದನ್ನ, ಇಷ್ಟು. “ಇಷ್ಟು” ಎನ್ನುವಲ್ಲಿ ಒಬ್ಬಳು ತಡೆದು ಕೇಳಿದಳು: “ಕೊನೀ ಸೊನ್ನಿ ಈ ಲೆಕ್ಕದಾಗ ಬರ್ತದೇನ್ರಿ ಸರ್?” ಸರಿಯಾದ ಕಡೆಗೇ ನಿಂತಿದ್ದಳು. ಪದ ಎಲ್ಲಿ ಮುಗಿಯಿತು ಎಂದು ಸಿ ಭಾಷೆಯಲ್ಲಿ ಹೇಳುವುದು ಆ ಸೊನ್ನೆಯೇ. ಸಾಲು ಓದುವ ಎಫ್‌ಗೆಟ್ಸ್‌ಗೆ 64 ಎಂದರೆ ಅದು 63 ಅಕ್ಷರದವರೆಗೆ ಓದಿ ಕೊನೆಯ ಸೊನ್ನೆಯನ್ನು ತಾನೇ ಇಡುತ್ತದೆ. ಪದ ನಕಲಿಸುವ ಸ್ಟ್ರ್‌ಎನ್‌ಕಾಪಿಗೆ 64 ಎಂದರೆ, ಮೂಲ ಪದ ಉದ್ದವಾಗಿದ್ದರೆ, 64 ಅಕ್ಷರವನ್ನೂ ತುಂಬಿ ಸೊನ್ನೆ ಇಡದೆ ಹೊರಟುಹೋಗುತ್ತದೆ. ಅಲ್ಲಿ 63 ಕೊಟ್ಟು, ಕೊನೆಯ ಸೊನ್ನೆಯನ್ನು ನಾವೇ ಇಡಬೇಕು.