ಇಲ್ಲ ಎನ್ನುವ ಮುನ್ನ

ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಗೆ ಜನ ಹೋಗುವುದು ಯಲ್ಲಮ್ಮನ ದರ್ಶನಕ್ಕೆ. ಅರವತ್ತು ಕಂಬದ ಗುಡಿ ನೋಡಿ ಬರುವವರೂ ಉಂಟು. ಅಲ್ಲಿ ದೊರೆತ 1058ರ ಶಾಸನದ ಒಂದು ವಿವರಕ್ಕೆ ಮಾತ್ರ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ ಇಲ್ಲಿದ್ದ ಘಟಿಕಾಸ್ಥಾನದ, ಅಂದರೆ ವಿದ್ಯಾಕೇಂದ್ರದ, ವ್ಯವಸ್ಥೆಯನ್ನು ಅದು ಹೇಳುತ್ತದೆ: ವೇದ ಓದುವ 200 ಮಂದಿ, ಶಾಸ್ತ್ರ ಓದುವ ಸುಮಾರು 50 ಮಂದಿ, ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಕಲಿಸುವವರು ಆರು, ಪುಸ್ತಕ ನೋಡಿಕೊಳ್ಳುವವರೂ ಆರು!

ತಾಳೆಗರಿಯ ಕಟ್ಟನ್ನು ದಾರ ಬಿಚ್ಚಿ, ಮರದ ಪಟ್ಟಿ ತೆಗೆದು, ಗರಿ ತಿರುವಿ ನೋಡಿದರೇ ಒಳಗೇನಿದೆ ಎಂದು ತಿಳಿಯುವುದು. ಯಾವುದು ಎಲ್ಲಿದೆ ಎಂದು ಬಲ್ಲವರಿಲ್ಲದ ಭಂಡಾರ ಇದ್ದೂ ಇಲ್ಲದಂತೆ. ಇದ್ದೂ ಕಾಣದ್ದನ್ನು ‘ಇಲ್ಲ’ ಎನ್ನಬಹುದೇ ಎಂಬ ಪ್ರಶ್ನೆ ನಾಗಾವಿಯ ಪಾಠದೊಳಗೇ ಇತ್ತು. ಅಲ್ಲಿ ಕಲಿಸುತ್ತಿದ್ದ ಮೂರು ಶಾಸ್ತ್ರಗಳಲ್ಲಿ ಒಂದು ವ್ಯಾಕರಣದ ನ್ಯಾಸ. ಉಳಿದೆರಡು ಮೀಮಾಂಸೆಯ ಎರಡು ಪಂಥಗಳು, ಭಾಟ್ಟ ಮತ್ತು ಪ್ರಾಭಾಕರ. ಒಂದೇ ಘಟಿಕಾಸ್ಥಾನದಲ್ಲಿ ಪಾಠವಾಗುತ್ತಿದ್ದ ಈ ಎರಡು ಪಂಥಗಳಿಗೆ ‘ಇಲ್ಲ’ ಎಂಬುದರ ಬಗ್ಗೆಯೇ ತಕರಾರು.

ಶಹಾಬಾದಿನ ಫರಸಿ ಹಾಸಿದ ನೆಲದ ಮೇಲೆ ಗಡಿಗೆ ಇಲ್ಲ ಎಂದು ಹೇಗೆ ತಿಳಿಯುತ್ತದೆ? ಇಲ್ಲದ ಗಡಿಗೆ ಕಣ್ಣಿಗೆ ತಾಗುವುದಿಲ್ಲ. ಕುಮಾರಿಲ ಭಟ್ಟನ ಪ್ರಕಾರ ಕಾಣದಿರುವುದೇ ಇಲ್ಲಿ ಪ್ರಮಾಣ, ಅಂದರೆ ಅರಿವಿನ ಸಾಧನ. ಅದರ ಹೆಸರು ಅನುಪಲಬ್ಧಿ, ಆರನೆಯ ಪ್ರಮಾಣ. ಪ್ರಭಾಕರನು ಐದೇ ಸಾಕೆಂದ. ಕಂಡದ್ದು ಬರಿಯ ನೆಲ, ‘ಅಭಾವ’ ಎಂಬ ಬೇರೊಂದು ವಸ್ತುವೇ ಇಲ್ಲ ಎಂದ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಭಕ್ತರು ಆರಾಧಿಸುವ ಟೀಕಾಚಾರ್ಯ ಜಯತೀರ್ಥರ ದ್ವೈತದಲ್ಲಿ ಪ್ರಮಾಣ ಮೂರೇ. ಅಭಾವದ ಅರಿವು ಅಲ್ಲಿ ಪ್ರತ್ಯಕ್ಷಕ್ಕೋ ಅನುಮಾನಕ್ಕೋ ಸೇರಿಹೋಗುತ್ತದೆ.

ಭಾಟ್ಟರು ಹಾಕಿದ ಷರತ್ತು ಈ ಜಗಳಕ್ಕಿಂತ ಬೆಲೆಯುಳ್ಳದ್ದು. ಕಾಣಲಿಲ್ಲ ಎಂದಷ್ಟಕ್ಕೇ ‘ಇಲ್ಲ’ ಎನ್ನುವಂತಿಲ್ಲ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿ ಇರಬೇಕು. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ. ಹಾಡಹಗಲಲ್ಲಿ ಪಿಶಾಚಿ ಕಾಣದಿದ್ದರೂ ಅಷ್ಟೇ, ಅದು ಕಣ್ಣಿಗೆ ಕಾಣುವ ಜಾತಿಯದ್ದೇ ಅಲ್ಲವಲ್ಲ. ಈ ಯೋಗ್ಯತೆಯ ಷರತ್ತು ಹುಡುಕುವವನಿಗೆ ವಿನಯ ಕಲಿಸುತ್ತದೆ, ಸರಿ. ದೀಪ ಹಚ್ಚಿಡಬೇಕಾದವನ ಮೇಲೂ ಅದು ಭಾರ ಹೊರಿಸುತ್ತದೆ.

ಇಂದಿನ ಭಂಡಾರದಲ್ಲೂ ಇದೇ ತೊಡಕು. ಕೋಡು, ಲೆಕ್ಕ, ಟಿಪ್ಪಣಿ, ನಕ್ಷೆ ಎಲ್ಲವನ್ನೂ ಒಂದೇ ಕಡತದಲ್ಲಿ ಬರೆಯಲು ಬಳಸುವ ಜುಪಿಟರ್ ನೋಟ್‌ಬುಕ್ 2014ರಲ್ಲಿ ಐಪೈಥಾನ್‌ನಿಂದ ಕವಲೊಡೆದ ಯೋಜನೆ. ಅದಕ್ಕೆ ಯಾರ್‍ಯಾರೋ ಪುಕ್ಕಟೆ ಬರೆದುಕೊಟ್ಟ ಎಕ್ಸ್‌ಟೆನ್ಶನ್‌ಗಳು ಬೇಕಾದಷ್ಟಿವೆ. ಉದ್ದನೆಯ ನೋಟ್‌ಬುಕ್‌ನ ಅಧ್ಯಾಯಗಳನ್ನು ಮಡಚಿಡುವ ‘ಕೊಲ್ಯಾಪ್ಸಿಬಲ್ ಹೆಡಿಂಗ್ಸ್’ ಅಂಥದ್ದೊಂದಾಗಿತ್ತು. ಇಂಥದೊಂದು ಸೌಲಭ್ಯದ ಉಲ್ಲೇಖ ಡಾಕ್ಯುಮೆಂಟೇಶನ್ನಿನ ಯಾವುದೋ ಒಳಪುಟದಲ್ಲಿ ಮಾತ್ರ ಇದ್ದರೆ, ಬೇಕಾದವನು ಸರ್ಚ್ ಮಾಡಿ, ಸಿಗದೆ, ‘ಇಲ್ಲ’ ಎಂದು ನಂಬಿ ಎದ್ದುಹೋಗುತ್ತಾನೆ. ಅವನ ತೀರ್ಮಾನ ತಪ್ಪು. ಆದರೆ ಆ ತಪ್ಪಿನಲ್ಲಿ ಕೈಪಿಡಿ ಬರೆದವರ ಪಾಲೇ ದೊಡ್ಡದು.

ಇದ್ದೂ ಕಾಣದೆ ಹೋದ ಬರಹಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ವಾಡಿಯಿಂದ ಯಾದಗಿರಿ ಕಡೆಗೆ ರೈಲು ಹಿಡಿದರೆ ನಾಲವಾರ ಸಿಗುತ್ತದೆ. ಅಲ್ಲಿಂದ ಭೀಮಾ ತೀರದ ಸನ್ನತಿ ದೂರವಲ್ಲ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದು ವಿಗ್ರಹ ಒಡೆಯಿತು. ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರ. ಅಶೋಕನ 12 ಮತ್ತು 14ನೆಯ ಶಿಲಾಶಾಸನಗಳು, ಎರಡು ಪ್ರತ್ಯೇಕ ಶಾಸನಗಳು. ವಿಗ್ರಹ ನಿಲ್ಲಿಸಲೆಂದು ಅಕ್ಷರಗಳ ನಡುವೆಯೇ ಚೌಕನೆಯ ತೂತು ಕೊರೆದಿದ್ದರು. ಕೊರೆದವರನ್ನು ಬೈಯುವುದು ಅನ್ಯಾಯ. ಆ ಲಿಪಿಯನ್ನು ಓದುವವರೇ ಉಳಿದಿರಲಿಲ್ಲ. ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ್ದು 1837ರಲ್ಲಿ.

ಮನಸ್ಸು ಕಲಕುವುದು ಆ ಶಾಸನಗಳ ವಿಷಯ. 12ನೆಯದು ಪರಮತವನ್ನು ಗೌರವಿಸಿ ಎನ್ನುತ್ತದೆ. 14ನೆಯದು ತನ್ನಂಥ ಶಾಸನಗಳ ಬಗ್ಗೆಯೇ ಮಾತಾಡುತ್ತದೆ: ರಾಜ್ಯ ದೊಡ್ಡದು, ಎಲ್ಲವೂ ಎಲ್ಲ ಕಡೆಯೂ ಇಲ್ಲ; ಕೆಲವೆಡೆ ಚುಟುಕು, ಕೆಲವೆಡೆ ವಿಸ್ತಾರ; ಜನ ನಡೆದುಕೊಳ್ಳಲೆಂದು ಕೆಲವನ್ನು ಮತ್ತೆ ಮತ್ತೆ ಹೇಳಿದೆ; ಬರೆದವನ ತಪ್ಪಿನಿಂದ ಕುಂದು ಉಳಿದಿರಲೂಬಹುದು. ಪ್ರತ್ಯೇಕ ಶಾಸನಗಳಲ್ಲಂತೂ ಪುಷ್ಯ ನಕ್ಷತ್ರದ ದಿನ ಇದನ್ನು ಕೇಳಿಸಬೇಕು, ಒಬ್ಬನೇ ಇದ್ದರೂ ಕೇಳಿಸಬೇಕು ಎಂಬ ಅಪ್ಪಣೆ ಇದೆ. ಕಲ್ಲಿನಲ್ಲಿ ಕೆತ್ತಿಸಿದರೆ ಕೆಲಸ ಮುಗಿಯಿತೆಂದು ಅಶೋಕ ತಿಳಿದಿರಲಿಲ್ಲ.

ಬಚ್ಚಿಟ್ಟು ಪೂಜಿಸುವುದರಿಂದ ಜ್ಞಾನ ಉಳಿಯುತ್ತದೆ ಎನ್ನುವವರಿಗೆ ಮೂಡಬಿದಿರೆಯ ಉದಾಹರಣೆ ಇದೆ, ನಿಜ. ಮಳಖೇಡದಿಂದ ಆಳಿದ ಅಮೋಘವರ್ಷನ ಗುರು ಜಿನಸೇನರು ಪೂರ್ತಿಗೊಳಿಸಿದ ಜಯಧವಲಾ ಎಂಬ ಜೈನ ಗ್ರಂಥ, ಅದರ ಜೊತೆಯ ಧವಲಾ, ಎರಡೂ ಅಲ್ಲಿನ ಬಸದಿಯಲ್ಲಿ ಕನ್ನಡ ಲಿಪಿಯ ಗರಿಗಳಲ್ಲಿ ಉಳಿದವು. ಉಳಿಸಿದವರಿಗೆ ಋಣಿಯಾಗಲೇಬೇಕು. ಆದರೂ ಶತಮಾನಗಟ್ಟಲೆ ಅವುಗಳ ದರ್ಶನವಾಯಿತೇ ಹೊರತು ಓದು ಆಗಲಿಲ್ಲ. ಧವಲಾದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಜೈನರು ಶಾಸ್ತ್ರದಾನವನ್ನು ದೊಡ್ಡ ದಾನಗಳಲ್ಲಿ ಎಣಿಸುತ್ತಾರೆ. ಕೈಗೆಟುಕದ ದಾನ ಅರ್ಧವೇ.

ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿ ಪರಿವಾರದೊಡನೆ ನಿಂತ ಅರಸನ ಉಬ್ಬುಶಿಲ್ಪವಿದೆ. ಜೊತೆಗೆ ‘ರಾಯೋ ಅಸೋಕೋ’ ಎಂದು ಕೆತ್ತಿದೆ. ಶಿಲ್ಪದೊಡನೆ ಹೆಸರನ್ನೂ ಬರೆದಿಟ್ಟ ಆ ಒಕ್ಕಣೆಯಿಂದಾಗಿಯೇ ಅಶೋಕನ ಗುರುತು ಸಿಕ್ಕಿದ್ದು. ಎಕ್ಸ್‌ಟೆನ್ಶನ್ ಬರೆದವರೂ ಇಷ್ಟೇ ಮಾಡಬೇಕಾದ್ದು: ಇದು ಯಾವ ಕೆಲಸಕ್ಕೆ, ಯಾರಿಗೆ ಬೇಕು ಎಂಬ ಒಂದು ಸಾಲನ್ನು ಆ ಕೆಲಸದ ಪಾಠ ಬರುವ ಪುಟದಲ್ಲೇ ಇಡುವುದು. ಜುಪಿಟರ್‌ನ ಕೈಪಿಡಿಯ ಮೂಲವೂ ಮುಕ್ತವಾಗಿದೆ. ಸೇಡಂನಲ್ಲೋ ಚಿಂಚೋಳಿಯಲ್ಲೋ ಕೂತ ವಿದ್ಯಾರ್ಥಿನಿಯೂ ಅಂಥ ಸಾಲೊಂದನ್ನು ಬರೆದು ಕಳಿಸಬಹುದು. ಯೋಜನೆ ನಡೆಸುವವರು ಒಪ್ಪಿದರೆ ಅದು ಪುಟಕ್ಕೆ ಸೇರುತ್ತದೆ.